ತೀವ್ರ ವೈರಲ್ ಸೋಂಕಿನಲ್ಲಿ ಮಕ್ಕಳ ರಕ್ತ ಹೆಪ್ಪುಗಟ್ಟುವ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಅಪ್ಪ ಅಮ್ಮಂದಿರು, ವಾರ್ಡಿನ ನರ್ಸ್‌ಗಳು, ಕಿರಿಯ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು. ಮೊದಲರ್ಧ ಮನೆಯವರಿಗೆ, ಕೆಳಗಿಳಿದಂತೆ ಚಿಕಿತ್ಸೆ ಕೊಡುವವರಿಗೆ. ಔಷಧಿಗಳ ಪ್ರಮಾಣ ಬರೆದಿರುವುದು ವೈದ್ಯರು ಏನು ಮಾಡುತ್ತಿದ್ದಾರೆಂದು ಮನೆಯವರಿಗೆ ತಿಳಿಯಲಿ ಎಂದು. ಜ್ವರದ ಪ್ಯಾರಸಿಟಮಾಲ್ ಬಿಟ್ಟು ಉಳಿದದ್ದನ್ನು ವೈದ್ಯರು ಹೇಳದೆ ಮನೆಯಲ್ಲಿ ತಾವೇ ಕೊಟ್ಟುಬಿಡಲಿ ಎಂದಲ್ಲ.

## ಮೊದಲಿಗೆ

ವೈರಲ್ ಜ್ವರಕ್ಕೂ ರಕ್ತ ಹೆಪ್ಪುಗಟ್ಟೋದಕ್ಕೂ ಏನು ಸಂಬಂಧ?

ಆರೋಗ್ಯವಾಗಿರುವ ರಕ್ತನಾಳದ ಒಳಪದರ ನುಣುಪಾಗಿರುತ್ತದೆ, ರಕ್ತ ಅದಕ್ಕೆ ಅಂಟುವುದಿಲ್ಲ. ಗಾಯವಾದಾಗ ಮಾತ್ರ ಪ್ಲೇಟ್‌ಲೆಟ್‌ಗಳು ಬಂದು ತೂತು ಮುಚ್ಚುತ್ತವೆ, ಅವುಗಳ ಮೇಲೆ ಫೈಬ್ರಿನ್ ಎಳೆಗಳು ಬಲೆ ಹೆಣೆಯುತ್ತವೆ. ತೀವ್ರ ಸೋಂಕು ಈ ಏರ್ಪಾಡನ್ನೇ ಕೆಡಿಸುತ್ತದೆ. ಒಳಪದರ ಊದಿ ಒರಟಾಗುತ್ತದೆ. ಮೊನೋಸೈಟ್ ಎಂಬ ಬಿಳಿ ರಕ್ತಕಣಗಳು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತು, ಗಾಯವೇ ಇಲ್ಲದ ಕಡೆ ಹೆಪ್ಪು ಶುರುಮಾಡುತ್ತವೆ. ಹೆಪ್ಪಿಗೆ ಕಡಿವಾಣ ಹಾಕುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಖರ್ಚಾಗಿಹೋಗುತ್ತವೆ.

ಇನ್ನೊಂದು ದಾರಿಯೂ ಇದೆ. ವೈರಸ್ಸಿನ ವಿರುದ್ಧ ತಯಾರಾದ ಪ್ರತಿಕಾಯಗಳು ಕೆಲವೊಮ್ಮೆ ಮಗುವಿನದೇ ಪ್ಲೇಟ್‌ಲೆಟ್ ಅಥವಾ ಹೆಪ್ಪಿನ ಪ್ರೋಟೀನ್‌ಗಳ ಮೇಲೆ ಬೀಳುತ್ತವೆ. ಮೊದಲ ಬಗೆಯದು ಜ್ವರ ಏರಿರುವಾಗಲೇ ಕಾಣಿಸಿಕೊಳ್ಳುತ್ತದೆ, ಎರಡನೆಯದು ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು. ಕಾಯಿಲೆ ಗುರುತಿಸಲು ಈ ದಿನಗಳ ಲೆಕ್ಕ ತುಂಬ ಸಹಾಯ ಮಾಡುತ್ತದೆ. ಆಸ್ಪತ್ರೆಗೆ ಹೋಗುವಾಗ ಜ್ವರ ಶುರುವಾದ ತಾರೀಖು, ಬಿಟ್ಟ ತಾರೀಖು ಎರಡನ್ನೂ ಬರೆದುಕೊಂಡು ಹೋಗಿ.

ಒಂದು ಕಡೆ ರಕ್ತ ಸೋರುತ್ತೆ, ಇನ್ನೊಂದು ಕಡೆ ಹೆಪ್ಪು ಕಟ್ಟುತ್ತೆ ಅಂತಾರೆ. ಒಂದೇ ಮಗುವಿಗೆ ಎರಡೂ ಹೇಗೆ ಆಗುತ್ತೆ?

ಡಿಐಸಿ ಎಂಬ ಸ್ಥಿತಿಯಲ್ಲಿ ಮೈಯೊಳಗಿನ ಸಣ್ಣ ಸಣ್ಣ ರಕ್ತನಾಳಗಳಲ್ಲೆಲ್ಲ ಏಕಕಾಲಕ್ಕೆ ಹೆಪ್ಪು ಕಟ್ಟತೊಡಗುತ್ತದೆ. ಅದಕ್ಕೆ ಪ್ಲೇಟ್‌ಲೆಟ್, ಫೈಬ್ರಿನ್ ಎಳೆಗಳಿಗೆ ಕಚ್ಚಾವಸ್ತುವಾದ ಫೈಬ್ರಿನೋಜನ್ ಮತ್ತು ಇತರ ಪ್ರೋಟೀನ್‌ಗಳು ಸುರಿದುಹೋಗುತ್ತವೆ. ಲಿವರ್ ಎಷ್ಟು ತಯಾರಿಸಿದರೂ ಸಾಲುವುದಿಲ್ಲ. ಆಗ ನಿಜವಾದ ಗಾಯವಾದಲ್ಲಿ, ಡ್ರಿಪ್ ಸೂಜಿ ಚುಚ್ಚಿದಲ್ಲಿ, ಮೂಗು ಒಸಡುಗಳಲ್ಲಿ ರಕ್ತ ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವುದು ರಕ್ತಸ್ರಾವ. ಕಿಡ್ನಿ, ಶ್ವಾಸಕೋಶ, ಮಿದುಳಿಗೆ ಪೆಟ್ಟು ಕೊಡುವುದು ಕಾಣದ ಹೆಪ್ಪು. ಡಿಐಸಿ ತಾನಾಗಿ ಬರುವ ಕಾಯಿಲೆಯಲ್ಲ, ಅದರ ಹಿಂದೆ ಯಾವಾಗಲೂ ಒಂದು ಮೂಲ ಕಾರಣ ಇರುತ್ತದೆ.

ಯಾವ ವೈರಸ್‌ಗಳಲ್ಲಿ ಇದರ ಭಯ ಜಾಸ್ತಿ?

ಜ್ವರ ಬಂದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಇದ್ಯಾವುದೂ ಆಗುವುದಿಲ್ಲ. ಆದವರಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಚಿಕನ್‌ಪಾಕ್ಸ್, ಡೆಂಗಿ, ಇನ್‌ಫ್ಲುಯೆಂಜಾ, ಅಡಿನೋವೈರಸ್, ಎಪ್ಸ್ಟೀನ್-ಬಾರ್ ವೈರಸ್ ಮತ್ತು ಕೋವಿಡ್. ಕೋವಿಡ್ ಬಂದುಹೋದ 2ರಿಂದ 6 ವಾರಗಳಲ್ಲಿ ಕೆಲವು ಮಕ್ಕಳಿಗೆ ಬರುವ ಬಹು ಅಂಗಾಂಗ ಉರಿಯೂತವೂ ಇದರಲ್ಲಿ ಸೇರುತ್ತದೆ. ಎಬೋಲಾ, ಕ್ರಿಮಿಯನ್-ಕಾಂಗೋ ಜ್ವರಗಳದ್ದು ಬೇರೆಯೇ ತೂಕ: ಅವುಗಳಲ್ಲಿ ರಕ್ತಸ್ರಾವ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲೇ ಒಂದು.

## ಮನೆಯಲ್ಲಿ

ಮೈಮೇಲೆ ಕೆಂಪು ಚುಕ್ಕೆ ಬಂದಿದೆ. ಬರೀ ಗಂಧೆನಾ, ರಕ್ತದ ಚುಕ್ಕೆನಾ, ಗೊತ್ತು ಮಾಡ್ಕೊಳ್ಳೋದು ಹೇಗೆ?

ಪಾರದರ್ಶಕ ಗಾಜಿನ ಲೋಟದ ಪಕ್ಕವನ್ನು ಚುಕ್ಕೆಯ ಮೇಲೆ ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕವೇ ನೋಡಿ. ಗಂಧೆ, ಸಾಮಾನ್ಯ ವೈರಲ್ ದದ್ದು ಒತ್ತಿದಾಗ ಮಾಯವಾಗಿ, ಬಿಟ್ಟಾಗ ಮತ್ತೆ ಕೆಂಪಾಗುತ್ತದೆ. ರಕ್ತ ನಾಳದಿಂದ ಆಚೆ ಬಂದಿದ್ದರೆ ಎಷ್ಟು ಒತ್ತಿದರೂ ಚುಕ್ಕೆ ಹಾಗೇ ಇರುತ್ತದೆ. ಇವು ಮೊದಲು ಸಾಸಿವೆಗಿಂತ ಚಿಕ್ಕದಾಗಿ, ಪೆನ್ನಿನ ತುದಿ ತಾಗಿಸಿದಂತೆ ಕಾಣುತ್ತವೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಭಾಗ, ಬಾಯಿಯ ಅಂಗಳ ನೋಡಬೇಕು. ಜೋರಾಗಿ ವಾಂತಿ ಮಾಡಿದ ಅಥವಾ ಕೆಮ್ಮಿದ ಮಗುವಿಗೆ ಮುಖ, ಕತ್ತಿನಲ್ಲಿ ಮಾತ್ರ ಇಂಥ ನಾಲ್ಕು ಚುಕ್ಕೆ ಬರುವುದುಂಟು. ಎದೆಯಿಂದ ಕೆಳಗೂ ಇದ್ದರೆ ಆ ಸಮಾಧಾನ ನಡೆಯದು.

ಜ್ವರ ಇರುವ ಮಗುವಿನಲ್ಲಿ ಒತ್ತಿದರೂ ಹೋಗದ ಚುಕ್ಕೆ ಕಂಡರೆ ಅದು ವೈರಸ್ಸಿನದೇ ಎಂದು ಮನೆಯಲ್ಲಿ ತೀರ್ಮಾನಿಸಬೇಡಿ. ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹೀಗೇ ಶುರುವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ಕೂಡಲೇ ಹೊರಡಿ.

ಬೆಳಗಾಗೋವರೆಗೆ ಕಾಯಬಾರದು ಅನ್ನೋದು ಯಾವ ಯಾವ ಲಕ್ಷಣಕ್ಕೆ?

ಚುಕ್ಕೆಗಳು ನೋಡನೋಡುತ್ತ ಹೆಚ್ಚುತ್ತಿದ್ದರೆ, ಚರ್ಮದ ಒಂದು ಜಾಗ ನೋವಿನಿಂದ ಕೂಡಿ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಬಂದರೆ, ಮೂತ್ರ ಕೋಲಾದಂತೆ ಕಪ್ಪಗಾದರೆ ಕಾಯಬೇಡಿ. ಸುಮ್ಮನಾಗದ ತಲೆನೋವು, ಫಿಟ್ಸ್, ಒಂದು ಪಕ್ಕದ ಕೈಕಾಲು ಸೋಲುವುದು, ಒಂದೇ ಕಾಲು ಊದುವುದು, ಎದೆನೋವಿನ ಜೊತೆ ಏದುಸಿರು ಹೆಪ್ಪಿನ ಕಡೆಯ ಸೂಚನೆಗಳು. ಮಂಪರು, ತಣ್ಣಗಾದ ಕೈಕಾಲು, 6ರಿಂದ 8 ಗಂಟೆ ಮೂತ್ರವಿಲ್ಲದಿರುವುದು ಯಾವ ಕಾಯಿಲೆಯಲ್ಲಾದರೂ ಅಪಾಯವೇ.

ಜ್ವರಕ್ಕೆ ಏನು ಕೊಡಬಹುದು?

ಪ್ಯಾರಸಿಟಮಾಲ್ ಮಾತ್ರ: ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ, 6 ಗಂಟೆಗೊಮ್ಮೆ. ಲಿವರ್ ತೊಂದರೆ ಇದೆಯೆಂದು ಹೇಳಿದ್ದರೆ ಅದನ್ನೂ ಕೇಳಿಯೇ ಕೊಡಿ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಡೈಕ್ಲೊಫೆನಾಕ್ ಬೇಡ. ಅವು ಉಳಿದಿರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ನಿಲ್ಲಿಸುತ್ತವೆ. ಹಲವು ಸಿರಪ್‌ಗಳಲ್ಲಿ ಪ್ಯಾರಸಿಟಮಾಲ್ ಜೊತೆ ಇವುಗಳಲ್ಲೊಂದು ಬೆರೆತಿರುತ್ತದೆ, ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ. ಆಸ್ಪಿರಿನ್ ಅಂತೂ ಇನ್‌ಫ್ಲುಯೆಂಜಾ, ಚಿಕನ್‌ಪಾಕ್ಸ್ ಇರುವ ಮಗುವಿಗೆ ಮಿದುಳು, ಲಿವರ್ ಎರಡಕ್ಕೂ ಪೆಟ್ಟು ಕೊಡುವ ರೈ ಸಿಂಡ್ರೋಮ್ ತರಬಲ್ಲದು. ವೈದ್ಯರೇ ಬರೆದುಕೊಟ್ಟಿದ್ದರೆ ಮಾತು ಬೇರೆ. ಜ್ವರ ಇಳಿಸಲು ಸೊಂಟಕ್ಕೆ, ತೊಡೆಗೆ ಇಂಜೆಕ್ಷನ್ ಹಾಕಿಸಬೇಡಿ. ಸ್ನಾಯುವಿನೊಳಗೆ ರಕ್ತ ತುಂಬಿ ಗಡ್ಡೆಯಾಗುತ್ತದೆ.

ಮೂಗಿನಿಂದ ರಕ್ತ ಬಂದರೆ?

ಮಗುವನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ. ಮೂಗಿನ ಮೆತ್ತಗಿನ ಭಾಗವನ್ನು ಎರಡೂ ಕಡೆಯಿಂದ ಹಿಡಿದು 10 ನಿಮಿಷ ಬಿಡದೆ ಒತ್ತಿ. ಎರಡು ನಿಮಿಷಕ್ಕೊಮ್ಮೆ ತೆಗೆದು ನೋಡುವುದೇ ಇಲ್ಲಿ ಆಗುವ ತಪ್ಪು, ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ತಲೆ ಹಿಂದಕ್ಕೆ ಮಾಡಿದರೆ ರಕ್ತ ನುಂಗಿ ವಾಂತಿಯಾಗುತ್ತದೆ. 20 ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ.

## ರಿಪೋರ್ಟ್ ಕೈಗೆ ಬಂದಾಗ

ಪ್ಲೇಟ್‌ಲೆಟ್ 18,000 ಅಂತಿದೆ, ಮಗು ನೋಡಿದ್ರೆ ಆಡ್ಕೊಂಡಿದೆ. ರಿಪೋರ್ಟೇ ತಪ್ಪಿರಬಹುದಾ?

ಇರಬಹುದು, ಅದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಸಾಮಾನ್ಯ ಮಟ್ಟ ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ. ಮಕ್ಕಳ ನರ ಸಿಗದೆ ತಡಕಾಡಿ, ಹನಿಹನಿಯಾಗಿ ರಕ್ತ ತೆಗೆದಾಗ ಟ್ಯೂಬಿನಲ್ಲೇ ಸಣ್ಣ ಹೆಪ್ಪು ಕಟ್ಟಿ ಪ್ಲೇಟ್‌ಲೆಟ್‌ಗಳೆಲ್ಲ ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ಯಂತ್ರ ಉಳಿದವನ್ನಷ್ಟೇ ಎಣಿಸುತ್ತದೆ. ಕೆಲವರ ರಕ್ತದಲ್ಲಿ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪುಗಳು ಕಣ್ಣಿಗೇ ಕಾಣುತ್ತವೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು ಎಣಿಸಿ, ಬಂದ ಅಂಕಿಯನ್ನು 1.1ರಿಂದ ಗುಣಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ಆದರೆ ಮಗು ಆಡುತ್ತಿದೆ ಎನ್ನುವುದೊಂದೇ ರಿಪೋರ್ಟ್ ತಪ್ಪು ಎನ್ನಲು ಸಾಕಾಗದು. ಐಟಿಪಿಯಲ್ಲಿ, ಅಂದರೆ ಮಗುವಿನದೇ ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಕಾಯಿಲೆಯಲ್ಲಿ, 5,000 ಇದ್ದ ಮಗುವೂ ಓಡಾಡಿಕೊಂಡಿರುತ್ತದೆ.

ಪಿಟಿ, ಎಪಿಟಿಟಿ, ಫೈಬ್ರಿನೋಜನ್, ಡಿ-ಡೈಮರ್: ಇಷ್ಟರಲ್ಲಿ ನೋಡಬೇಕಾದ್ದು ಯಾವುದು?

ಪಿಟಿ, ಎಪಿಟಿಟಿ ಎಂದರೆ ಪ್ಲಾಸ್ಮಾ (ರಕ್ತಕಣ ತೆಗೆದ ದ್ರವಭಾಗ) ಹೆಪ್ಪುಗಟ್ಟಲು ಹಿಡಿಯುವ ಸಮಯ, ಡಿ-ಡೈಮರ್ ಎಂದರೆ ಹೆಪ್ಪು ಕರಗಿದಾಗ ಉಳಿಯುವ ಚೂರು. ಒಂಟಿ ಅಂಕಿಗಿಂತ ಅವುಗಳ ಜೋಡಣೆ ನೋಡಿ. ಪ್ಲೇಟ್‌ಲೆಟ್ ಮಾತ್ರ ಕಡಿಮೆ, ಉಳಿದವೆಲ್ಲ ಸರಿ: ಐಟಿಪಿ ಕಡೆಗೆ. ಪ್ಲೇಟ್‌ಲೆಟ್ ಕಡಿಮೆ, ಪಿಟಿ ಮತ್ತು ಎಪಿಟಿಟಿ ಉದ್ದ, ಫೈಬ್ರಿನೋಜನ್ ಕಡಿಮೆ, ಡಿ-ಡೈಮರ್ ತುಂಬ ಜಾಸ್ತಿ: ಡಿಐಸಿ. ಪಿಟಿ, ಎಪಿಟಿಟಿ ಸರಿ ಇದ್ದು ಪ್ಲೇಟ್‌ಲೆಟ್ ಕಡಿಮೆ, ಜೊತೆಗೆ ಸ್ಲೈಡಿನಲ್ಲಿ ಒಡೆದ ಕೆಂಪು ರಕ್ತಕಣಗಳು: ಸಣ್ಣ ರಕ್ತನಾಳಗಳಲ್ಲಿ ಪ್ಲೇಟ್‌ಲೆಟ್ ಹೆಪ್ಪು ಕಟ್ಟುವ ಟಿಟಿಪಿ, ಎಚ್‌ಯುಎಸ್ ಗುಂಪು. ಪಿಟಿ ವಿಪರೀತ ಉದ್ದವಾಗಿ ಲಿವರ್ ಕಿಣ್ವಗಳು ಸಾವಿರಗಳಲ್ಲಿದ್ದರೆ ಲಿವರ್ ಸೋಲುತ್ತಿದೆ. ವಿಟಮಿನ್ ಕೆ ಕೊಟ್ಟು ಮತ್ತೆ ನೋಡಬೇಕು.

ಫೈಬ್ರಿನೋಜನ್ ಸಾಮಾನ್ಯವಾಗಿ ಡೆಸಿಲೀಟರಿಗೆ 200ರಿಂದ 400 ಮಿ.ಗ್ರಾಂ. ಉರಿಯೂತದಲ್ಲಿ ಅದು ಏರಬೇಕು. ಹಾಗಾಗಿ ಸುಡುವ ಜ್ವರದ ಮಗುವಿಗೆ 210 ಬಂದರೆ "ನಾರ್ಮಲ್" ಎಂದು ಪಕ್ಕಕ್ಕಿಡಬಾರದು, ನಿನ್ನೆ 480 ಇದ್ದದ್ದು ಇವತ್ತು ಅಷ್ಟಕ್ಕೆ ಇಳಿದಿರಬಹುದು. ಡಿ-ಡೈಮರ್ ಎಷ್ಟೋ ಸಾಧಾರಣ ಜ್ವರಗಳಲ್ಲೂ ಏರುತ್ತದೆ. ಅದೊಂದನ್ನೇ ಹಿಡಿದು ಹೆಪ್ಪು ಕಟ್ಟಿದೆ ಎನ್ನಲಾಗದು.

ರಕ್ತ ತೆಗೆಯುವವರಿಗೆ ಒಂದು ಮಾತು. ಸಿಟ್ರೇಟ್ ಟ್ಯೂಬಿನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರಬೇಕು. ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಪಿಟಿ, ಎಪಿಟಿಟಿ ಸುಳ್ಳೇ ಉದ್ದ ಬರುತ್ತವೆ. ಹೆಪ್ಪು ತಡೆಯುವ ಹೆಪಾರಿನ್ ಔಷಧಿ ಹಾಕಿ ತೊಳೆದ ಲೈನಿನಿಂದ ತೆಗೆದರೂ ಹಾಗೇ. ಈ ಎರಡು ಕಾರಣಕ್ಕೆ ಬೇಕಿಲ್ಲದ ಪ್ಲಾಸ್ಮಾ ಪಡೆಯುವ ಮಕ್ಕಳಿದ್ದಾರೆ.

ಆಪರೇಷನ್‌ಗೆ ಮೊದಲು ಮಾಡಿದ ಟೆಸ್ಟಿನಲ್ಲಿ ಎಪಿಟಿಟಿ ಉದ್ದ ಬಂತು. ಹೋದ ತಿಂಗಳು ಜ್ವರ ಬಂದಿತ್ತು ಅಷ್ಟೆ. ಹೀಮೋಫಿಲಿಯಾ ಇರಬಹುದಾ?

ಮೊದಲು ಮಿಕ್ಸಿಂಗ್ ಟೆಸ್ಟ್ ಮಾಡಿಸಬೇಕು. ಮಗುವಿನ ಪ್ಲಾಸ್ಮಾಕ್ಕೆ ಅಷ್ಟೇ ಪ್ರಮಾಣದ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿದಾಗ ಸಮಯ ಸರಿಹೋದರೆ ಯಾವುದೋ ಫ್ಯಾಕ್ಟರ್ (ಹೆಪ್ಪಿನ ಪ್ರೋಟೀನ್) ಕೊರತೆ ಇದೆ, ಹೀಮೋಫಿಲಿಯಾ ಇಂಥದೇ. ಸರಿಹೋಗದಿದ್ದರೆ ಅಡ್ಡಿಪಡಿಸುವ ಪ್ರತಿಕಾಯ ಇದೆ. ವೈರಲ್ ಜ್ವರದ ನಂತರ ಮಕ್ಕಳಲ್ಲಿ ಲೂಪಸ್ ಆಂಟಿಕೋಆಗ್ಯುಲೆಂಟ್ ಎಂಬ ಪ್ರತಿಕಾಯ ತಾತ್ಕಾಲಿಕವಾಗಿ ಬರುವುದು ಸಾಮಾನ್ಯ. ಟ್ಯೂಬಿನಲ್ಲಿ ಎಪಿಟಿಟಿ ಉದ್ದ ಕಾಣಿಸುತ್ತದೆ, ಮೈಯಲ್ಲಿ ರಕ್ತಸ್ರಾವ ಆಗುವುದಿಲ್ಲ, ವಾರಗಳಿಂದ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ.

ಇದಕ್ಕೊಂದು ಅಪರೂಪದ ಅಪವಾದ ಇದೆ, ಮತ್ತು ಅದನ್ನು ಮರೆತುಬಿಡುವುದು ಸುಲಭ. ಎಪಿಟಿಟಿ ಜೊತೆ ಪಿಟಿಯೂ ಉದ್ದವಿದ್ದು ಮಗುವಿಗೆ ಮೂಗು, ಒಸಡಿನಲ್ಲಿ ರಕ್ತ ಬರುತ್ತಿದ್ದರೆ, ಆ ಪ್ರತಿಕಾಯ ಪ್ರೋಥ್ರಾಂಬಿನ್ ಅನ್ನು ಅಂಟಿಕೊಂಡು ರಕ್ತದಿಂದ ತೆಗೆದುಹಾಕುತ್ತಿರಬಹುದು. ಅಡಿನೋವೈರಸ್ ನಂತರ ಹೀಗಾಗುವುದು ಹೆಚ್ಚು. ಪ್ರೋಥ್ರಾಂಬಿನ್‌ಗೇ ಫ್ಯಾಕ್ಟರ್ 2 ಎಂದೂ ಹೆಸರು, ಅದನ್ನು ಅಳತೆ ಮಾಡಿದರೆ ತಿಳಿಯುತ್ತದೆ. ರಕ್ತಸ್ರಾವ ಇದ್ದರೆ ಸ್ಟಿರಾಯ್ಡ್ ಕೊಡುತ್ತಾರೆ.

## ಒಂದೊಂದಾಗಿ ಅಪರೂಪದವು

ಜ್ವರ ಬಿಟ್ಟು ಎರಡು ವಾರ ಆಯ್ತು. ಈಗ ಮೈಯೆಲ್ಲ ನೀಲಿ ಕಲೆ, ಪ್ಲೇಟ್‌ಲೆಟ್ 8,000. ಇದು ರಕ್ತ ಕ್ಯಾನ್ಸರಾ?

ಹೆಚ್ಚಿನ ಸಂದರ್ಭದಲ್ಲಿ ಇದು ಐಟಿಪಿ. ಹಿಮೋಗ್ಲೋಬಿನ್, ಬಿಳಿ ರಕ್ತಕಣಗಳು, ಸ್ಲೈಡ್ ಎಲ್ಲ ಸರಿ ಇದ್ದು, ಲಿವರ್, ಗುಲ್ಮ (ಸ್ಪ್ಲೀನ್), ದುಗ್ಧಗ್ರಂಥಿಗಳು ಊದಿರದಿದ್ದರೆ, ಮೂಳೆನೋವು ಇಲ್ಲದಿದ್ದರೆ ಮೂಳೆಮಜ್ಜೆಯ ಪರೀಕ್ಷೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಾಲ್ಕರಲ್ಲಿ ಮೂರು ಮಕ್ಕಳು 6 ತಿಂಗಳೊಳಗೆ ಸಂಪೂರ್ಣ ಗುಣವಾಗುತ್ತಾರೆ. ಚರ್ಮದ ಕಲೆ ಬಿಟ್ಟು ಬೇರೆ ರಕ್ತಸ್ರಾವ ಇಲ್ಲದಿದ್ದರೆ ಔಷಧಿ ಕೊಡದೆ ಗಮನಿಸುವುದೇ ಚಿಕಿತ್ಸೆ. ಬಾಯಿ, ಮೂಗಿನ ರಕ್ತ ನಿಲ್ಲದಿದ್ದರೆ ಪ್ರೆಡ್ನಿಸೊಲೋನ್ ಕಿಲೋಗೆ ದಿನಕ್ಕೆ 2ರಿಂದ 4 ಮಿ.ಗ್ರಾಂನಂತೆ 5ರಿಂದ 7 ದಿನ, ಅಥವಾ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳಾದ ಇಮ್ಯುನೋಗ್ಲಾಬ್ಯುಲಿನ್ ಕಿಲೋಗೆ 0.8ರಿಂದ 1 ಗ್ರಾಂ ಒಂದು ಬಾರಿ. ಮೂಳೆನೋವು, ಸುಸ್ತು, ಬಿಳಿಚಿಕೊಳ್ಳುವುದು ಇದ್ದರೆ ಸ್ಟಿರಾಯ್ಡ್ ಶುರುಮಾಡುವ ಮೊದಲು ಮಜ್ಜೆ ನೋಡಲೇಬೇಕು. ಸ್ಟಿರಾಯ್ಡ್ ಲುಕೇಮಿಯಾವನ್ನು ತಾತ್ಕಾಲಿಕವಾಗಿ ಮರೆಮಾಚುತ್ತದೆ.

ಚಿಕನ್‌ಪಾಕ್ಸ್ ಒಣಗ್ತಾ ಬಂದಿತ್ತು, ಈಗ ತೊಡೆ ಕಪ್ಪಾಗ್ತಿದೆ.

ಇದಕ್ಕೆ ಪರ್ಪ್ಯುರಾ ಫುಲ್ಮಿನಾನ್ಸ್ ಎಂದು ಹೆಸರು. ಈ ಪುಟದಲ್ಲಿ ಗಡಿಯಾರ ನೋಡಿಕೊಂಡು ಓಡಬೇಕಾದ ಕಾಯಿಲೆಗಳಲ್ಲಿ ಇದೇ ಮೊದಲನೆಯದು. ಚಿಕನ್‌ಪಾಕ್ಸ್ ಗುಳ್ಳೆ ಎದ್ದ 7ರಿಂದ 10 ದಿನಕ್ಕೆ ತೊಡೆ, ಕಾಲು, ಪೃಷ್ಠದಲ್ಲಿ ಮುಟ್ಟಿದರೆ ನೋಯುವ ಕೆಂಪು ಪಟ್ಟೆ ಏಳುತ್ತದೆ. ಗಂಟೆಗಳಲ್ಲಿ ಅದರ ನಡುಭಾಗ ನೀಲಿಗಪ್ಪಾಗಿ, ಅಂಚು ಮಾತ್ರ ಕೆಂಪಗೆ ಉಳಿದು, ಮೇಲೆ ರಕ್ತದ ಗುಳ್ಳೆ ಬರುತ್ತದೆ. ವೈರಸ್ ವಿರುದ್ಧದ ಪ್ರತಿಕಾಯ ಪ್ರೋಟೀನ್ ಎಸ್ ಅನ್ನು ಹೊಡೆದುಹಾಕಿ, ಚರ್ಮದ ರಕ್ತನಾಳಗಳಲ್ಲಿ ಹೆಪ್ಪು ತುಂಬಿರುತ್ತದೆ.

ಪ್ರೋಟೀನ್ ಸಿ, ಎಸ್ ಪರೀಕ್ಷೆಗೆ ರಕ್ತ ತೆಗೆದಿಟ್ಟುಕೊಂಡು, ಫಲಿತಾಂಶಕ್ಕೆ ಕಾಯದೆ ಪ್ಲಾಸ್ಮಾ ಕಿಲೋಗೆ 10ರಿಂದ 15 ಮಿ.ಲೀ. 8ರಿಂದ 12 ಗಂಟೆಗೊಮ್ಮೆ, ಜೊತೆಗೆ ಹೆಪಾರಿನ್ ಶುರುಮಾಡುತ್ತಾರೆ. ಬ್ಯಾಕ್ಟೀರಿಯಾ ಇಲ್ಲವೆಂದು ಖಚಿತವಾಗುವವರೆಗೆ ಆಂಟಿಬಯೋಟಿಕ್ ಕೂಡ. ಮಣಿಯದಿದ್ದರೆ ಇಮ್ಯುನೋಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ. ಹೆಪಾರಿನ್ ಇಲ್ಲದೆ ವಾರ್ಫರಿನ್ ಎಂಬ ಹೆಪ್ಪುತಡೆ ಮಾತ್ರೆ ಒಂದನ್ನೇ ಶುರುಮಾಡಿದರೆ ಇರುವ ಪ್ರೋಟೀನ್ ಸಿ, ಎಸ್ ಕೂಡ ಇಳಿದು ಚರ್ಮ ಇನ್ನಷ್ಟು ಸಾಯುತ್ತದೆ. ಕಾಲು ಬಿಗಿದು ನಾಡಿ ಕ್ಷೀಣಿಸಿದರೆ ಸರ್ಜನ್ ತಕ್ಷಣ ನೋಡಬೇಕು. ಆದರೆ ಸತ್ತ ಚರ್ಮ ಕತ್ತರಿಸುವುದಕ್ಕೆ ಅವಸರ ಬೇಡ, ಬದುಕಿದ್ದಕ್ಕೂ ಸತ್ತದ್ದಕ್ಕೂ ನಡುವೆ ಗೆರೆ ಸ್ಪಷ್ಟವಾಗಲಿ.

ಹತ್ತು ದಿನದಿಂದ ಜ್ವರ ಇಳೀತಿಲ್ಲ, ಗುಲ್ಮ ದೊಡ್ಡದಾಗಿದೆ, ಇಎಸ್‌ಆರ್ ಮಾತ್ರ ಕಡಿಮೆ ಆಗ್ತಿದೆ. ಗುಣವಾಗ್ತಿದೆ ಅಂತಲಾ?

ಇಲ್ಲ, ಉಲ್ಟಾ ಇರಬಹುದು. ಉರಿಯೂತ ಇದ್ದಾಗ ಏರುವ ರಕ್ತಪರೀಕ್ಷೆ ಅದು. ಇಎಸ್‌ಆರ್ ಏರಲು ಫೈಬ್ರಿನೋಜನ್ ಬೇಕು. ಅದು ಕುಸಿದಾಗ ಇಎಸ್‌ಆರ್ ಕೂಡ ಬೀಳುತ್ತದೆ. ರೋಗನಿರೋಧಕ ಕಣಗಳು ಹತೋಟಿ ತಪ್ಪಿ ಮಜ್ಜೆಯಲ್ಲಿನ ರಕ್ತಕಣಗಳನ್ನೇ ನುಂಗುವ ಎಚ್‌ಎಲ್‌ಎಚ್ ಕಾಯಿಲೆಯ ಸುಳಿವು ಇದು. ಎಪ್ಸ್ಟೀನ್-ಬಾರ್ ವೈರಸ್ ಇದನ್ನು ಕೆರಳಿಸುವುದು ಹೆಚ್ಚು. 2004ರ ಮಾನದಂಡದ ಎಂಟರಲ್ಲಿ ಐದು ಇರಬೇಕು: ಜ್ವರ, ದೊಡ್ಡ ಗುಲ್ಮ, ಎರಡು ಬಗೆಯ ರಕ್ತಕಣಗಳಾದರೂ ಇಳಿದಿರುವುದು, ಟ್ರೈಗ್ಲಿಸರೈಡ್ 265ಕ್ಕೆ ಮೇಲೆ ಅಥವಾ ಫೈಬ್ರಿನೋಜನ್ 150ಕ್ಕೆ ಕೆಳಗೆ, ಫೆರಿಟಿನ್ 500ಕ್ಕೆ ಮೇಲೆ, ಕರಗುವ ಸಿಡಿ25 2,400ಕ್ಕೆ ಮೇಲೆ, ಎನ್‌ಕೆ ಕಣಗಳ ಕೆಲಸ ಕುಗ್ಗಿರುವುದು, ಮಜ್ಜೆಯಲ್ಲಿ ಕಣ ನುಂಗುವುದು ಕಾಣುವುದು. ಫೆರಿಟಿನ್ 10,000 ದಾಟಿದರೆ ಮಕ್ಕಳಲ್ಲಿ ಇದು ಬಹಳ ಬಲವಾದ ಸುಳಿವು. ಐದೂ ಕೂಡಿಬರಲೆಂದು ಕಾಯುತ್ತ ಕೂತರೆ ಮಗು ಕೈತಪ್ಪಬಹುದು. ಅನುಮಾನ ಬಲವಾಗಿದ್ದರೆ ಡೆಕ್ಸಾಮೆಥಾಸೋನ್ ಶುರುಮಾಡಿ, ರಕ್ತರೋಗ ತಜ್ಞರಿರುವ ಕಡೆ ಕಳಿಸಬೇಕು.

ಮಕ್ಕಳಿಗೂ ಕಾಲಿನಲ್ಲಿ, ತಲೆಯಲ್ಲಿ ಹೆಪ್ಪು ಕಟ್ಟುತ್ತಾ?

ಕಟ್ಟುತ್ತದೆ. ದೊಡ್ಡ ಕಾರಣ ವೈರಸ್ಸಿಗಿಂತ ಹೆಚ್ಚಾಗಿ ಕತ್ತು ಅಥವಾ ತೊಡೆಯ ದೊಡ್ಡ ನರಕ್ಕೆ ಹಾಕಿದ ಕ್ಯಾಥೆಟರ್. ಅದಕ್ಕೇ ಅದು ಇನ್ನೂ ಬೇಕೇ ಎಂದು ಪ್ರತಿದಿನ ಕೇಳಬೇಕು. ವಾಂತಿ ಭೇದಿಯಿಂದ ನೀರು ಬತ್ತಿದ ಎಳೆಮಕ್ಕಳಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟಬಹುದು. ಮಾಮೂಲಿ ಸಿ.ಟಿ.ಯಲ್ಲಿ ಇದು ತಪ್ಪಿಹೋಗಬಹುದು, ಅಭಿಧಮನಿಗಳನ್ನೇ ತೋರಿಸುವ ಸ್ಕ್ಯಾನ್ ಆದ ವೀನೋಗ್ರಾಮ್ ಎಂದೇ ಕೇಳಿ ಮಾಡಿಸಬೇಕು.

## ಚಿಕಿತ್ಸೆ

ಪ್ಲೇಟ್‌ಲೆಟ್ ಹಾಕಿ ಅಂತ ಕೈಮುಗಿದು ಕೇಳಿದ್ರೂ ಡಾಕ್ಟರು ಹಾಕ್ತಿಲ್ಲ, ಯಾಕೆ?

ಅಂಕಿ ಒಂದೇ ಇದ್ದರೂ ಕಾಯಿಲೆ ಬೇರೆಯಾದರೆ ಉತ್ತರವೂ ಬೇರೆ. ಐಟಿಪಿಯಲ್ಲಿ ಹಾಕಿದ ಪ್ಲೇಟ್‌ಲೆಟ್‌ಗಳನ್ನು ಪ್ರತಿಕಾಯ ಕೆಲವೇ ಗಂಟೆಗಳಲ್ಲಿ ನಾಶಮಾಡುತ್ತದೆ. ಜೀವಕ್ಕೆ ಅಪಾಯವಾಗುವ ರಕ್ತಸ್ರಾವದಲ್ಲಿ ಮಾತ್ರ ಹಾಕುತ್ತಾರೆ. ಡೆಂಗಿಯಲ್ಲಿ ಅಪಾಯ ಇರುವುದು ರಕ್ತನಾಳದಿಂದ ಪ್ಲಾಸ್ಮಾ ಸೋರುವುದರಲ್ಲಿ. ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆ ನಾಡಿ, ರಕ್ತದೊತ್ತಡ, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡುತ್ತ ದ್ರವ ಸರಿದೂಗಿಸುವುದೇ ಜೀವ ಉಳಿಸುತ್ತದೆ. ರಕ್ತಸ್ರಾವ ಇಲ್ಲದ ಮಗುವಿಗೆ ಪ್ಲೇಟ್‌ಲೆಟ್ ಹಾಕಿದರೆ ಲಾಭವಿಲ್ಲ, ದ್ರವ ಹೆಚ್ಚಾಗಿ ಉಸಿರು ಕಟ್ಟುವ ಅಪಾಯ ಇದೆ. ಟಿಟಿಪಿಯಲ್ಲಿ ಹಾಕಿದ್ದೆಲ್ಲ ಹೊಸ ಹೆಪ್ಪಿಗೆ ಸೇರಬಹುದು. ಅಲ್ಲಿ ಇಂಥ ಹೆಪ್ಪನ್ನು ತಡೆಯುವ ಎಡಿಎಎಂಟಿಎಸ್13 ಕಿಣ್ವ ಶೇ. 10ಕ್ಕಿಂತ ಕೆಳಗಿರುತ್ತದೆ, ಬೇಕಾದದ್ದು ಪ್ಲಾಸ್ಮಾ. ಡಿಐಸಿಯಲ್ಲಿ ರಕ್ತ ಸೋರುತ್ತಿದ್ದು ಎಣಿಕೆ 50,000ಕ್ಕಿಂತ ಕೆಳಗಿದ್ದರೆ ಕಿಲೋಗೆ 10ರಿಂದ 15 ಮಿ.ಲೀ. ಹಾಕಲೇಬೇಕು.

ಪ್ಲಾಸ್ಮಾ, ಕ್ರಯೋ ಯಾವಾಗ, ಎಷ್ಟು?

ರಕ್ತಸ್ರಾವ ಇದ್ದರೆ, ಅಥವಾ ಏನಾದರೂ ಚುಚ್ಚುವ, ಕೊಯ್ಯುವ ಕೆಲಸ ಇದ್ದರೆ ಮಾತ್ರ. ರಿಪೋರ್ಟಿನ ಅಂಕಿ ಚೆಂದ ಮಾಡುವುದಕ್ಕೆ ಅಲ್ಲ. ಪ್ಲಾಸ್ಮಾ ಕಿಲೋಗೆ 10ರಿಂದ 15 ಮಿ.ಲೀ. ಫೈಬ್ರಿನೋಜನ್ 150ಕ್ಕಿಂತ ಕೆಳಗಿದ್ದರೆ ಅದನ್ನು ಪ್ಲಾಸ್ಮಾದಿಂದ ಏರಿಸಲು ಹೋದರೆ ತುಂಬ ದ್ರವ ಬೇಕಾಗುತ್ತದೆ. ಅದೇ ಕೆಲಸವನ್ನು, ಪ್ಲಾಸ್ಮಾದಿಂದ ತೆಗೆದ, ಫೈಬ್ರಿನೋಜನ್ ದಟ್ಟವಾಗಿರುವ ಕ್ರಯೋ 5ರಿಂದ 10 ಕಿಲೋಗೆ ಒಂದು ಯೂನಿಟ್‌ನಂತೆ ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ. ಇಷ್ಟೆಲ್ಲ ಸಮಯ ಕೊಳ್ಳುವ ಕ್ರಮಗಳು. ಸೋಂಕು, ಆಮ್ಲಜನಕ, ರಕ್ತದೊತ್ತಡ ಸರಿಮಾಡದೆ ಡಿಐಸಿ ನಿಲ್ಲುವುದಿಲ್ಲ.

ಮನೆಗೆ ಕಳಿಸುವಾಗ ಎನಾಕ್ಸಪಾರಿನ್ ಇಂಜೆಕ್ಷನ್ ಕೊಟ್ಟಿದ್ದಾರೆ. ಎಲ್ಲಿ ತಪ್ಪಾಗುತ್ತೆ?

ಸಿರಿಂಜಿನಲ್ಲಿ. ಎನಾಕ್ಸಪಾರಿನ್ ಹೆಪಾರಿನ್ ಜಾತಿಯ ಹೆಪ್ಪುತಡೆ ಔಷಧಿ. ಎರಡು ತಿಂಗಳು ದಾಟಿದ ಮಗುವಿಗೆ ಹೆಪ್ಪಿನ ಚಿಕಿತ್ಸೆಗೆ ಕಿಲೋಗೆ 1 ಮಿ.ಗ್ರಾಂ, 12 ಗಂಟೆಗೊಮ್ಮೆ. ಔಷಧಿ ಮಿ.ಲೀ.ಗೆ 100 ಮಿ.ಗ್ರಾಂ ಇದ್ದಾಗ, 100 ಯೂನಿಟ್ ಗುರುತಿನ ಇನ್ಸುಲಿನ್ ಸಿರಿಂಜಿನಲ್ಲಿ 1 ಯೂನಿಟ್ ಅಂದರೆ 1 ಮಿ.ಗ್ರಾಂ. ಆದರೆ 40 ಯೂನಿಟ್ ಗುರುತಿನ ಸಿರಿಂಜಿನಲ್ಲಿ 1 ಯೂನಿಟ್ ಅಂದರೆ 2.5 ಮಿ.ಗ್ರಾಂ. 8 ಕಿಲೋ ಮಗುವಿಗೆ 8 ಯೂನಿಟ್ ಎಂದು ಅದರಲ್ಲಿ ಎಳೆದರೆ 20 ಮಿ.ಗ್ರಾಂ ಹೋಗುತ್ತದೆ. ಆಸ್ಪತ್ರೆ ಬಿಡುವ ಮೊದಲು ನೀವು ಬಳಸುವ ಅದೇ ಸಿರಿಂಜಿನಲ್ಲಿ ಎಳೆದು ನರ್ಸ್‌ಗೆ ತೋರಿಸಿ.

ಹೊಟ್ಟೆ ಅಥವಾ ತೊಡೆಯ ಚರ್ಮವನ್ನು ಮಡಿಕೆಯಾಗಿ ಹಿಡಿದು ನೇರವಾಗಿ ಚುಚ್ಚಿ, ಜಾಗ ಬದಲಿಸುತ್ತಿರಿ, ಚುಚ್ಚಿದ ಮೇಲೆ ಉಜ್ಜಬೇಡಿ. ಮಟ್ಟ ನೋಡುವ ಆಂಟಿ-ಟೆನ್-ಎ ಪರೀಕ್ಷೆಗೆ ರಕ್ತವನ್ನು ಇಂಜೆಕ್ಷನ್ ಆದ 4ರಿಂದ 6 ಗಂಟೆಗೆ ತೆಗೆಯಬೇಕು. ಗುರಿ 0.5ರಿಂದ 1.0. ಸೋಂಕಿನಂಥ ಸ್ಪಷ್ಟ ಕಾರಣದಿಂದ ಕಟ್ಟಿದ ಹೆಪ್ಪಿಗೆ ಸಾಮಾನ್ಯವಾಗಿ 6 ವಾರದಿಂದ 3 ತಿಂಗಳು ಸಾಕು. ಅಷ್ಟು ದಿನ ಬಿದ್ದು ಏಳುವ, ಡಿಕ್ಕಿ ಹೊಡೆಯುವ ಆಟ ಬೇಡ.

## ಆಮೇಲೆ

ವಂಶವಾಹಿ ತೊಂದರೆ ಇದೆಯಾ ಅಂತ ಈಗಲೇ ಟೆಸ್ಟ್ ಮಾಡಿಸೋಣ್ವಾ?

ಪ್ರೋಟೀನ್ ಸಿ, ಎಸ್, ಆಂಟಿಥ್ರಾಂಬಿನ್ ಕಾಯಿಲೆಯ ನಡುವೆ ಎಲ್ಲರಲ್ಲೂ ಕಡಿಮೆಯೇ. ಆಗ ಬಂದ ಕಡಿಮೆ ಅಂಕಿಯಿಂದ ಮಗುವಿಗೆ ಹುಟ್ಟಿನಿಂದಲೇ ಕೊರತೆ ಎಂಬ ಹಣೆಪಟ್ಟಿ ಹಚ್ಚಬಾರದು. ಗುಣವಾಗಿ ಸುಮಾರು 3 ತಿಂಗಳಾದ ಮೇಲೆ, ವಾರ್ಫರಿನ್ ನಿಂತ ಮೇಲೆ ಮತ್ತೆ ಅಳೆದು ನೋಡಬೇಕು. ಆಗಲೂ ಕಡಿಮೆ ಇದ್ದರೆ ಅಪ್ಪ ಅಮ್ಮನದೂ ನೋಡುತ್ತಾರೆ.

ಲಸಿಕೆ ಹಾಕಿಸಬಹುದಾ? ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯಿಂದಲೂ ಪ್ಲೇಟ್‌ಲೆಟ್ ಇಳಿಯುತ್ತೆ ಅಂತ ಓದಿದ್ವಿ.

ಇಳಿಯುವುದುಂಟು, ಸುಮಾರು 30,000ದಿಂದ 40,000 ಡೋಸ್‌ಗೆ ಒಬ್ಬರಿಗೆ, ಅದೂ ಹೆಚ್ಚಾಗಿ ತಾನಾಗಿ ಸರಿಹೋಗುತ್ತದೆ. ದಡಾರ, ರುಬೆಲ್ಲಾ ಕಾಯಿಲೆಯೇ ಬಂದರೆ ಆ ಅಪಾಯ ಇದಕ್ಕಿಂತ ಹೆಚ್ಚು. ಹಾಗಾಗಿ ಲಸಿಕೆ ಬಿಡಬೇಡಿ, ಸಮಯ ಮಾತ್ರ ವೈದ್ಯರ ಜೊತೆ ಕೂತು ನಿಗದಿ ಮಾಡಿ. ಇಮ್ಯುನೋಗ್ಲಾಬ್ಯುಲಿನ್ ಪಡೆದಿದ್ದರೆ ದಡಾರ, ಚಿಕನ್‌ಪಾಕ್ಸ್ ಲಸಿಕೆಗಳು ಹಿಡಿಯುವುದಿಲ್ಲ: ಕಿಲೋಗೆ 1 ಗ್ರಾಂ ಪಡೆದವರಿಗೆ 10 ತಿಂಗಳು, 2 ಗ್ರಾಂ ಪಡೆದವರಿಗೆ 11 ತಿಂಗಳು ಬಿಡಬೇಕು. ಪ್ಲೇಟ್‌ಲೆಟ್ ಇನ್ನೂ ಕಡಿಮೆ ಇರುವಾಗ ಬೇರೆ ಲಸಿಕೆ ಹಾಕಲೇಬೇಕಾದರೆ ಅತಿ ಸಣ್ಣ ಸೂಜಿ ಬಳಸಿ, ಆಮೇಲೆ ಉಜ್ಜದೆ 2 ನಿಮಿಷ ಒತ್ತಿ ಹಿಡಿಯಲಿ. ಇಮ್ಯುನೋಗ್ಲಾಬ್ಯುಲಿನ್ ಕೊಟ್ಟ ತಾರೀಖು ಮತ್ತು ಪ್ರಮಾಣವನ್ನು ಲಸಿಕೆ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ, ಡಿಸ್ಚಾರ್ಜ್ ಹಾಳೆ ಕಳೆದುಹೋದರೂ ಆ ಕಾರ್ಡ್ ಮನೆಯಲ್ಲಿರುತ್ತದೆ.